ಹುಮನಾಬಾದದಿಂದ ಬಂದ ಶಾಕಪ್ಪ

ನಮ್ಮ ಹಿತ್ತಲ ಬಾಗಿಲಿಗೆ ಒಂದು ಚಟ ಇದೆ. ಚೂರು ಗಾಳಿ ಬೀಸಿದರೂ ಸಾಕು, ಯಾರ ಮೇಲೋ ಸಿಟ್ಟಿದ್ದವರ ಹಾಗೆ ಧಡಾರನೆ ಬಡಿದುಕೊಳ್ಳುತ್ತದೆ. ಅದನ್ನು ತಡೆಯಲು ಒಂದು ಕಬ್ಬಿಣದ ವಸ್ತುವನ್ನು ಅಡ್ಡ ಇಟ್ಟಿದ್ದೇವೆ. ಮೊಳದಷ್ಟು ಉದ್ದ, ಒನಕೆಯ ತುಂಡಿನಷ್ಟು ದಪ್ಪ, ಮೈತುಂಬ ಎಣ್ಣೆ ಮಣ್ಣು ಮೆತ್ತಿ ಕಪ್ಪಾಗಿದೆ. ಊಟಕ್ಕೆ ಬಂದವರು ಕೈತೊಳೆಯಲು ಹೋಗಿ ಅದನ್ನು ಎಡವುತ್ತಾರೆ. ಎಡವಿದವರು 'ಇದೇನ್ರಿ ಇದು?' ಎಂದು ಕೇಳುತ್ತಾರೆ. ಕೇಳಿದವರನ್ನು ಕೂರಿಸಿ, ಚಹ ಕುಡಿಸಿ, ಪೂರ್ತಿ ಕಥೆ ಹೇಳದೆ ನಾನು ಬಿಡುವುದಿಲ್ಲ. ನೀವು ಎಡವಿಲ್ಲ, ನಿಜ. ಆದರೂ ಬಂದಿದ್ದೀರಿ, ಕೇಳಿಬಿಡಿ.

ಅದು ನಮ್ಮ ಹಳೆಯ ಕಾರಿನ ಸವೆದುಹೋದ ಸ್ಟ್ರಟ್. ಮುಂದಿನ ಗಾಲಿಯ ಮೇಲೆ, ಸ್ಪ್ರಿಂಗಿನ ಹೊಟ್ಟೆಯೊಳಗೆ ನಿಂತು, ರಸ್ತೆಯ ಪೆಟ್ಟನ್ನೆಲ್ಲ ತಾನು ತಿಂದು, ಒಳಗೆ ಕುಳಿತವರಿಗೆ ತಾಗದಂತೆ ನೋಡಿಕೊಳ್ಳುವ ಎಣ್ಣೆ ತುಂಬಿದ ಕೊಳವೆ. ಪುಸ್ತಕದಲ್ಲಿ ಏನೇ ಹೆಸರಿರಲಿ, ನಮ್ಮ ಬಸವಕಲ್ಯಾಣದ ಗ್ಯಾರೇಜುಗಳಲ್ಲಿ ಅದು 'ಶಾಕಪ್'. ನಮ್ಮ ಅತ್ತೆ ನೀಲಮ್ಮನವರ ಬಾಯಿಗೆ ಬಂದಾಗ ಅದಕ್ಕೆ ಇನ್ನಷ್ಟು ಮರ್ಯಾದೆ ಸಿಕ್ಕಿ 'ಶಾಕಪ್ಪ' ಆಯಿತು. ಮಲ್ಲಪ್ಪ, ಬಸಪ್ಪ ಇದ್ದ ಹಾಗೆ ಶಾಕಪ್ಪ.

ನಾನು ಹುಮನಾಬಾದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮನೆ ಬಸವಕಲ್ಯಾಣದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಾರು ನನ್ನ ಗಂಡ ಶರಣಪ್ಪನದು. ರೈತರಿಗೆ ಪೈಪು, ಪಂಪು ಮಾರುವ ಅಂಗಡಿ ಆತನದು. ಆ ಕಾರಿನ ಮೇಲೆ ಆತನಿಗೆ ಇರುವ ಪ್ರೀತಿ, ಮದುವೆಯಾದ ಹೊಸದರಲ್ಲಿ ನನ್ನ ಮೇಲಿದ್ದಂಥದ್ದು. ವ್ಯತ್ಯಾಸವೆಂದರೆ ಇದು ಇನ್ನೂ ಹಾಗೇ ಇದೆ. ಕಾರು ತಗ್ಗಿಗೆ ಬಿದ್ದಾಗಲೆಲ್ಲ ಮುಂದಿನಿಂದ 'ಟಕ್, ಗುಡುಗುಡು' ಎಂದು ಸದ್ದು ಬರುತ್ತಿತ್ತು. ನಾನು ಏನಾದರೂ ಅಂದರೆ ಆತ, "ಗಾಡಿ ಬರೋಬ್ಬರಿ ಅದ. ರೋಡೇ ಖರಾಬ್ ಅದ," ಎನ್ನುತ್ತಿದ್ದ. ರಸ್ತೆ ಹೊಸದಾಗಿ ಆದಮೇಲೂ ಅದೇ ಮಾತು.

ಒಂದು ಭಾನುವಾರ ನಾನು ಹೋಗಿ ಕಾರಿನ ಮೂತಿಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟೆ. ಒಮ್ಮೆ ಎದ್ದು ನಿಲ್ಲಬೇಕಾದ ಕಾರು ತೊಟ್ಟಿಲಿನ ಹಾಗೆ ತೂಗುತ್ತಲೇ ಇತ್ತು. "ನೋಡಿದ್ರೇನು? ಕಂಪನ ತಗ್ಗೋದೇ ಇಲ್ಲ," ಎಂದು ತರಗತಿಯಲ್ಲಿ ಹೇಳುವ ಧಾಟಿಯಲ್ಲಿ ಶುರುಮಾಡಿದೆ. ಶರಣಪ್ಪ ಕೈಯಲ್ಲಿದ್ದ ಒರೆಸುವ ಅರಿವೆ ಕೊಡವಿ, "ಅದೇನು ನಿನ್ನ ಸಾಲಿ ಹುಡುಗ ಏನು, ಕಿವಿ ಹಿಂಡಾಕ? ಬಿಡು ಅದನ್ನ," ಎಂದ. ಬಿಟ್ಟೆ. ಅದು ಇನ್ನೂ ತೂಗುತ್ತಿತ್ತು.

ನಿಜ ಹೇಳಬೇಕೆಂದರೆ ನನಗೆ ಕುಲುಕಾಟದ ಮೇಲೆ ಅಂಥ ದ್ವೇಷವೇನೂ ಇಲ್ಲ. ನನ್ನ ತವರು ಬೇಮಳಖೇಡ. ಚಿಕ್ಕಂದಿನಲ್ಲಿ ಹುಮನಾಬಾದದ ಸಂತೆಗೆ ಹೋಗುವ ಬಸ್ಸಿನಲ್ಲಿ ನಾವು ಮಕ್ಕಳು ಹಿಂದಿನ ಕಡೆಯ ಸೀಟಿಗಾಗಿ ಜಗಳಾಡುತ್ತಿದ್ದೆವು. ಅಲ್ಲಿ ಕುಳಿತರೆ ಪ್ರತಿ ತಗ್ಗಿಗೂ ಸೀಟು ನಮ್ಮನ್ನು ಮೇಲೆಸೆದು ಹಿಡಿಯುತ್ತಿತ್ತು. ತಲೆ ಬಸ್ಸಿನ ಚಾವಣಿಗೆ ತಾಗಿದವನೇ ಅಂದಿನ ರಾಜ. ದೊಡ್ಡವರ ಪಾಡು ಬೇರೆ. ನನ್ನವ್ವ ಮಾರಲು ಒಯ್ಯುವ ಮೊಸರಿನ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಕಿಟಕಿಯಾಚೆ ಕಣ್ಣಿಟ್ಟಿರುತ್ತಿದ್ದಳು. ಮುಂದೆ ತಗ್ಗು ಬರುವುದು ಡ್ರೈವರನಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಬಸ್ಸು ಕೆಳಗಿಳಿಯುವಾಗ ಗಡಿಗೆಯನ್ನು ಮೇಲೆತ್ತುವಳು, ಬಸ್ಸು ಏಳುವಾಗ ಮೆಲ್ಲಗೆ ಇಳಿಸುವಳು. ಮೊಸರಿನ ಕೆನೆ ಒಡೆಯುತ್ತಿರಲಿಲ್ಲ. ನಾನು ಮುಂದೆ ಓದಿದ ಭೌತಶಾಸ್ತ್ರವೆಲ್ಲ ಆ ಗಡಿಗೆಯ ಸುತ್ತಲೇ ಇತ್ತೆಂದು ಈಗ ಅನ್ನಿಸುತ್ತದೆ. ಆಗ ನಮಗೆ ಅನ್ನಿಸಿದ್ದು, ಅವ್ವ ಪಾಪ ಹಿಂದಿನ ಸೀಟಿನ ಸುಖ ಕಾಣಲಿಲ್ಲವಲ್ಲ ಎಂದು ಮಾತ್ರ.

ಇರಲಿ, ಅತ್ತೆಯ ವಿಷಯಕ್ಕೆ ಬರುತ್ತೇನೆ. ಆ ಕಾರಿನಲ್ಲಿ ಅತ್ಯಂತ ಉತ್ಸಾಹದಿಂದ ಕೂರುತ್ತಿದ್ದವರು ಅವರೇ. ಮುಂದಿನ ಸೀಟು ಅವರದು, ನಾನು ಹಿಂದೆ. ಕಳೆದ ವರ್ಷ ಅಂಗಳದಲ್ಲಿ ಕಾಲು ಜಾರಿ ಬಿದ್ದು ಸೊಂಟದ ಎಲುಬಿಗೆ ಸಣ್ಣ ಬಿರುಕು ಬಂತು. ಗುಣವಾಯಿತು, ಕೋಲು ಹಿಡಿದು ಓಡಾಡತೊಡಗಿದರು. ಆದರೆ ಆಸ್ಪತ್ರೆಯಿಂದ ಮನೆಗೆ ಬರುವಾಗ ನಮ್ಮ ಕಾರು ಪ್ರತಿ ಉಬ್ಬಿನಲ್ಲೂ ಅವರನ್ನು ಎತ್ತಿ ಕುಕ್ಕಿತ್ತು. ಮನೆ ಮುಂದೆ ಇಳಿದವರೇ ಮಗನಿಗೆ ಹೇಳಿದರು: "ಇನ್ನ ನಾನು ಈ ಗಾಡ್ಯಾಗ ಕೂಡಂಗಿಲ್ಲ. ನಂಗ ಹೊತಗೊಂಡು ಹೋಗೋ ನಾಲ್ಕು ಮಂದಿ ಬೇರೆ ಅದಾರ, ಅವರು ಕುಲುಕಂಗಿಲ್ಲ."

ಶರಣಪ್ಪನ ಮುಖ ಸಪ್ಪಗಾಯಿತು. ಆದರೂ "ರೋಡೇ..." ಎಂದು ಬಾಯಿ ತೆರೆದ. ನನ್ನ ಮುಖ ನೋಡಿ ಮುಚ್ಚಿದ.

ಹೀಗಿರುವಾಗ ನಿರ್ಣಾದಿಂದ ಒಂದು ಫೋನು ಬಂತು. ನಿರ್ಣಾ ಅತ್ತೆಯ ತವರೂರು. ಫೋನು ಮಾಡಿದವರು ರಾಬಿಯಾಬಿ, ಅತ್ತೆಯ ಬಾಲ್ಯದ ಗೆಳತಿ. ಇಬ್ಬರ ಮನೆಗಳ ನಡುವೆ ಒಂದೇ ಗೋಡೆ. ಒಂದೇ ಬಾವಿಯ ನೀರು ಸೇದಿ, ಒಂದೇ ಹೊಲದ ಕಡಲೆ ಕಿತ್ತು ತಿಂದು, ಒಬ್ಬರ ಬೆನ್ನಿಗೆ ಬೀಳಬೇಕಾದ ಏಟನ್ನು ಇನ್ನೊಬ್ಬರು ತಿಂದು ಬೆಳೆದವರು. ಅತ್ತೆ ಮದುವೆಯಾಗಿ ಕಲ್ಯಾಣಕ್ಕೆ ಬಂದರು, ರಾಬಿಯಾಬಿ ಊರಲ್ಲೇ ಉಳಿದರು. ವರ್ಷಕ್ಕೊಮ್ಮೆಯಾದರೂ ಒಬ್ಬರು ಇನ್ನೊಬ್ಬರ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುವ ಪದ್ಧತಿ ಇತ್ತು. ರಾಬಿಯಾಬಿಯ ಮೊಣಕಾಲು ಹೋದಮೇಲೆ, ಅತ್ತೆಯ ಸೊಂಟ ಹೋದಮೇಲೆ, ಉಳಿದದ್ದು ಫೋನು. ಇಬ್ಬರಿಗೂ ಕಿವಿ ಮಂದ. ಆದ್ದರಿಂದ ಅವರ ಗುಟ್ಟಿನ ಮಾತುಗಳು ನಮ್ಮ ಓಣಿಗೆಲ್ಲ ಕೇಳುತ್ತವೆ.

ಆ ದಿನ ಕೇಳಿಸಿದ ಸುದ್ದಿ, ರಾಬಿಯಾಬಿ ಉಮ್ರಾ ಯಾತ್ರೆಗೆ ಹೊರಟಿದ್ದಾರೆ ಎಂದು. ಮಗ ಕರೆದುಕೊಂಡು ಹೋಗುತ್ತಿದ್ದಾನೆ; ಭಾನುವಾರ ಹೈದರಾಬಾದಿಗೆ ಹೋಗಿ ಅಲ್ಲಿಂದ ವಿಮಾನ. ಮಕ್ಕಾ ಮದೀನಾಕ್ಕೆ ಹೊರಡುವವರು ಬಂಧುಗಳನ್ನೂ ಸ್ನೇಹಿತರನ್ನೂ ಮುಖತಃ ಕಂಡು 'ಕಹಾಸುನಾ ಮಾಫ್' ಎಂದು ಕೇಳಿಕೊಳ್ಳುವುದು ನಮ್ಮ ಕಡೆಯ ರೂಢಿ. ಆಡಿದ್ದು, ಅಂದದ್ದು, ನೋಯಿಸಿದ್ದು ಇದ್ದರೆ ಮನ್ನಿಸಿ ಕಳಿಸಿಕೊಡಿ ಎಂದು ಅದರ ಅರ್ಥ. "ನಾ ಬರಾಕ ಆಗಲ್ಲ ನೀಲಾ, ಮೊಣಕಾಲ ಸಾಥ್ ಕೊಡಲ್ಲ," ಎಂದಿತು ಫೋನಿನೊಳಗಿನ ದನಿ. "ಫೋನಿನ್ಯಾಗೇ ಕೇಳ್ತೀನಿ."

"ಫೋನಿನ್ಯಾಗ ಕೇಳಬ್ಯಾಡ," ಎಂದರು ಅತ್ತೆ. "ನಾ ಬರ್ತೀನಿ."

ಫೋನು ಇಟ್ಟು ನಮ್ಮಿಬ್ಬರ ಕಡೆ ತಿರುಗಿದರು. ಕಣ್ಣು ಹಸಿಯಾಗಿತ್ತು, ದನಿ ಮಾತ್ರ ಗಟ್ಟಿ. "ಶರಣು, ಗಾಡಿ ರಿಪೇರಿ ಮಾಡಿಸು. ಆ ಶಾಕಪ್ಪನೋ ಯಾರೋ ಅದಾನಲ್ಲ, ಅವನನ್ನ ಬದಲಿ ಮಾಡು."

ಅಂದೇ ಮಧ್ಯಾಹ್ನ ಕಾರು ಇಸ್ಮಾಯಿಲ್ ಉಸ್ತಾದರ ಗ್ಯಾರೇಜಿನಲ್ಲಿತ್ತು. ಕೋಟೆಯ ಕಡೆ ಹೋಗುವ ದಾರಿಯಲ್ಲಿ ಬೇವಿನ ಮರದ ಕೆಳಗಿನ ಗ್ಯಾರೇಜು ಅದು. ಉಸ್ತಾದರು ದೊಡ್ಡ ಹೊಟ್ಟೆಯ, ಅದಕ್ಕಿಂತ ದೊಡ್ಡ ದನಿಯ ಮನುಷ್ಯ. ಕಾರಿನ ಕೆಳಗೆ ಬಗ್ಗಿ ನೋಡಿ, ಸ್ಟ್ರಟ್ಟಿನಿಂದ ಎಣ್ಣೆ ಒಸರಿ ಧೂಳು ಮೆತ್ತಿದ್ದನ್ನು ಬೆರಳಿಂದ ಒರೆಸಿ ಶರಣಪ್ಪನಿಗೆ ತೋರಿಸಿದರು. "ಸಾಹುಕಾರ್, ಇದರ ಮೊಣಕಾಲ ಎರಡೂ ಹೋಗ್ಯಾವ. ಎಷ್ಟು ದಿನದಿಂದ ಕುಂಟಾಕತ್ತದೋ ಪಾಪ, ಬಾಯಿ ಇಲ್ಲ ಅದಕ್ಕ." ಶರಣಪ್ಪ ಅಪರಾಧಿಯಂತೆ ನಿಂತಿದ್ದನಂತೆ. ಕಲ್ಯಾಣದಲ್ಲಿ ಆ ಹಳೆಯ ಮಾದರಿಯ ಸಾಮಾನು ಸಿಗಲಿಲ್ಲ. ಮರುದಿನ ಹುಮನಾಬಾದಕ್ಕೆ ಹೋಗಿ, ಬಿಡಿಭಾಗಗಳ ಅಂಗಡಿಯೊಂದರಲ್ಲಿ ಮುಂದಿನ ಜೋಡಿ ಸ್ಟ್ರಟ್ ಹಿಡಿದುಕೊಂಡು, ಗೆದ್ದವನ ಹಾಗೆ ಬಂದ. ಅತ್ತೆ ಸ್ಟ್ರಟ್ಟಿನ ಡಬ್ಬಿಗಳಿಗೆ ಕುಂಕುಮ ಹಚ್ಚಿದರು. "ಚೆನ್ನಾಗಿ ದುಡೀರಪ್ಪಾ," ಎಂದು ಹೇಳಿದರು.

ಶುಕ್ರವಾರ ಉಸ್ತಾದರು ಕೆಲಸ ಶುರುಮಾಡಿದರು. ಶನಿವಾರ ಬೆಳಿಗ್ಗೆ ನಾವು ನಿರ್ಣಾಕ್ಕೆ ಹೊರಡಬೇಕು. ನಾನು ಶಾಲೆಯಲ್ಲಿದ್ದೆ. ಊಟದ ಬಿಡುವಿನಲ್ಲಿ ಫೋನು ಗುಂಯ್ಗುಟ್ಟಿತು. ಶರಣಪ್ಪನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಎರಡೂ ಎಡಗಡೇವು."

"ಏನು?"

"ಶಾಕಪ್ಪ್‌ಗೋಳು. ಎರಡೂ ಎಡಗಡೇವೇ ಕೊಟ್ಟು ಕಳಿಸ್ಯಾರ. ಬಲಗಡೇದು ಇಲ್ಲ. ಗಾಡಿ ಬಿಚ್ಚಿ ಇಟ್ಟೀವಿ. ಗಾಲಿ ಇಲ್ಲ, ಏನಿಲ್ಲ. ಅವ್ವ ಇಲ್ಲೇ ಬಂದು ಕುರ್ಚಿ ಹಾಕ್ಕೊಂಡು ಕುಂತಾಳ."

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಎರಡೂ ಎಡಗಾಲ ಇದ್ದವಗ ಕುಣಿಯಾಕ ಬರ್ತದೇನೋ?" ಅದರ ಹಿಂದೆ ಉಸ್ತಾದರ ಗಹಗಹ ನಗೆ.

"ನಾ ತರ್ತೀನಿ," ಎಂದೆ.

ಕಡೆಯ ಗಂಟೆ ಬಾರಿಸಿದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಡಿಗೆ ಓಡಿದೆ. ಅಂಗಡಿಯವರು ನನ್ನ ಮಾತು ಕೇಳಿ ಹಣೆ ಬಡಿದುಕೊಂಡರು. "ತಪ್ಪ ನಮ್ದ್ರಿ ಮೇಡಂ, ತಪ್ಪ ನಮ್ದು. ಅದನ್ನ ಆಮ್ಯಾಲ ಕಳಸ್ರಿ, ಇದನ್ನ ಮೊದಲು ಒಯ್ರಿ." ಬಲಗಡೆಯ ಸ್ಟ್ರಟ್ ಇತ್ತು, ಅದರ ಡಬ್ಬಿ ಹರಿದಿತ್ತು. ಹಳೆಯ ಪೇಪರಿನಲ್ಲಿ ಸುತ್ತಿ ಸುತಳಿ ಕಟ್ಟಿಕೊಟ್ಟರು. ಎರಡೂ ತೋಳಿನಲ್ಲಿ ಅದನ್ನು ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಎದುರಾದ ನನ್ನ ವಿದ್ಯಾರ್ಥಿನಿಯರು 'ನಮಸ್ತೆ ಟೀಚರ್' ಅಂದರು. ಕೈಮುಗಿಯಲು ಆಗಲಿಲ್ಲ, ಸ್ಟ್ರಟ್ಟಿನಿಂದಲೇ ಆಶೀರ್ವಾದ ಮಾಡಿದೆ.

ಬಸ್ಸು ತುಂಬಿತ್ತು. ಹೇಗೋ ನಡುವೆ ತೂರಿ ಕಂಬಕ್ಕೆ ಆನಿಕೊಂಡು ನಿಂತೆ. ಪೇಪರು ಒಂದು ಕಡೆ ಹರಿದು ಒಳಗಿನ ಹೊಳೆಯುವ ದಂಡ ಇಣುಕುತ್ತಿತ್ತು. ಪಕ್ಕದ ಸೀಟಿನಲ್ಲಿ ಹಳದಿ ರುಮಾಲಿನ ಯಜಮಾನರೊಬ್ಬರು ಕುಳಿತಿದ್ದರು. ಬಹಳ ಹೊತ್ತು ನನ್ನ ತೋಳಿನ ಕಬ್ಬಿಣದ ಕೂಸನ್ನೇ ನೋಡಿ ಕೇಳಿದರು:

"ತಂಗಿ, ಬೋರಿನ ಸಾಮಾನೇನವಾ?"

ನನಗೆ ಸುಸ್ತಾಗಿತ್ತು. ಇಡೀ ಕಥೆ ಹೇಳುವ ಶಕ್ತಿ ಇರಲಿಲ್ಲ. ಚುಟುಕಾಗಿ, "ಅಲ್ರಿ ಯಜಮಾನ್ರ, ನಮ್ಮತ್ತಿ ಸೊಂಟದ ಸಲುವಾಗಿ," ಎಂದುಬಿಟ್ಟೆ.

ಯಜಮಾನರ ಕಣ್ಣು ಅರಳಿತು. "ಅಯ್ಯೋ ಶಿವನ! ಇಷ್ಟ ದೊಡ್ಡ ರಾಡ್ ಹಾಕ್ತಾರೇನು ಸೊಂಟಕ್ಕ?"

ಮುಂದಿನ ಸೀಟಿನಲ್ಲಿ ಮೆಂತ್ಯದ ಗಂಟು ಇಟ್ಟುಕೊಂಡಿದ್ದ ಹೆಂಗಸು ತಟ್ಟನೆ ತಿರುಗಿದಳು. "ನಮ್ಮ ಮಾವಗ ಹಾಕಿದ್ದು ಗೇಣಷ್ಟೇ ಇತ್ತವಾ! ನಿಮ್ಮತ್ತಿ ಎಷ್ಟ ಎತ್ತರ ಅದಾರ?" ಹಿಂದಿನಿಂದ ಯಾರೋ, "ಈಗೆಲ್ಲ ಹೊಸಾ ಟೆಕ್ನಿಕ್ ಬಂದಾವ ಬಿಡ್ರಿ," ಎಂದರು. ಯಜಮಾನರು ಎದ್ದು ನಿಂತೇಬಿಟ್ಟರು. "ಕೂಡವಾ, ನೀ ಕೂಡು. ಪೇಶಂಟಿನ ಸಾಮಾನು ಹಿಡಕೊಂಡು ನಿಂದರಬಾರದು." ಆ ಹೊತ್ತಿಗೆ ಕಂಡಕ್ಟರ್ ಬಂದು, "ಮೇಡಂ, ಇದಕ್ಕ ಲಗೇಜ್ ಆಗ್ತದ್ರಿ," ಎಂದ. ಇಡೀ ಬಸ್ಸು ಅವನ ಮೇಲೆ ಬಿತ್ತು. "ಏ, ಮಾನವೀಯತೆ ಅದನೋ ಇಲ್ಲೋ? ಅವರತ್ತಿ ಸೊಂಟಕ್ಕ ಹಾಕೋದು ಅದು!"

ಕಂಡಕ್ಟರ್ ಆ ಕಬ್ಬಿಣವನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಗುರುತು ಹತ್ತಿತ್ತು. "ಇದು ಗಾಡಿ ಶಾಕಪ್ ಅದಲ್ರಿ?" ಎಂದ.

ಇಡೀ ಬಸ್ಸು ನನ್ನ ಕಡೆ ತಿರುಗಿತು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅತ್ತೆಯ ಸೊಂಟ, ರಾಬಿಯಾಬಿಯ ಯಾತ್ರೆ, ಎರಡು ಎಡಗಾಲು, ಎಲ್ಲವನ್ನೂ ಹೇಳಿದೆ. ಮೊದಲು ನಕ್ಕವರು ರುಮಾಲಿನ ಯಜಮಾನರೇ. ಮೆಂತ್ಯದ ಹೆಂಗಸು ನಕ್ಕು ನಕ್ಕು ಗಂಟಿನ ಮೇಲೇ ಬಿದ್ದಳು. ನಾನು ಎದ್ದು ಸೀಟು ಮರಳಿ ಕೊಡಲು ಹೋದರೆ ಯಜಮಾನರು ಕೂರಲಿಲ್ಲ. "ಇರವಾ, ಅದೂ ಸೊಂಟದ ಕೆಲಸಾನೇ ಅಲ್ಲೇನು? ನಾ ತಪ್ಪು ತಿಳದಿದ್ದಿಲ್ಲ," ಎಂದರು. ರಾಜೇಶ್ವರದಲ್ಲಿ ಇಳಿಯುವಾಗ ಕಿಟಕಿಯ ಬಳಿ ಬಂದು ಕೂಗಿದರು: "ಯಾತ್ರಾಕ್ಕ ಹೊಂಟ ಆ ಅಮ್ಮಗ ನಂದೊಂದು ನಮಸ್ಕಾರ ಹೇಳವಾ." ಕಂಡಕ್ಟರ್ ಕೊನೆಗೂ ಲಗೇಜಿನ ಟಿಕೆಟ್ ಕೊಡಲಿಲ್ಲ. ದಾರಿಯಲ್ಲಿ ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ನನ್ನ ಕೈಗಳು ತಾವಾಗಿಯೇ ಸ್ಟ್ರಟ್ಟನ್ನು ಮೇಲೆತ್ತುತ್ತಿದ್ದವು. ಪೆಟ್ಟು ತಿನ್ನುವುದಕ್ಕೆಂದೇ ಹುಟ್ಟಿದ ಸಾಮಾನಿಗೆ ಪೆಟ್ಟು ತಾಗಬಾರದೆಂದು ನಾನು ಕಾಯುತ್ತಿದ್ದೆ!

ಗ್ಯಾರೇಜಿಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತೆ ಕುರ್ಚಿಯಲ್ಲಿ, ಕೋಲು ತೊಡೆಯ ಮೇಲೆ. ಉಸ್ತಾದರು ಹಳೆಯ ಸ್ಪ್ರಿಂಗನ್ನು ಎರಡು ಕಡೆ ತಿರುಪಿನ ಕೊಕ್ಕೆ ಹಾಕಿ ಬಿಗಿಯಾಗಿ ಅದುಮಿ ಇಟ್ಟಿದ್ದರು. "ಯಾರೂ ಎದುರಿಗೆ ನಿಂದರಬ್ಯಾಡ್ರಿ. ಇದು ಜಿಗಿದ್ರ ಕೋಟಿ ಗ್ವಾಡಿ ದಾಟಿ ಬೀಳ್ತದ," ಎಂದರು. ಹೊಸ ಸ್ಟ್ರಟ್ಟನ್ನು ಅದರೊಳಗೆ ತೂರಿಸಿ, ಮೇಲಿನ ರಬ್ಬರಿನ ಟೋಪಿ ಹಾಕಿ, ಬೋಲ್ಟು ಬಿಗಿದು, ಗಾಲಿ ಏರಿಸಿ ಕಾರನ್ನು ನೆಲಕ್ಕಿಳಿಸಿದರು. ಆಮೇಲೆ ಎದ್ದು ನಿಂತು ನನ್ನ ಕಡೆ ಕೈ ಮಾಡಿದರು. "ಟೀಚರಮ್ಮ, ಒತ್ರಿ ಈಗ."

ಮೈಯ ಭಾರವೆಲ್ಲ ಹಾಕಿ ಒತ್ತಿ ಬಿಟ್ಟೆ. ಕಾರು ಒಮ್ಮೆ ಎದ್ದಿತು, ನಿಂತಿತು. ಪಾಠ ಬಾಯಿಪಾಠ ಬಂದ ಹುಡುಗಿಯ ಹಾಗೆ ಗಂಭೀರವಾಗಿ ನಿಂತಿತು. ಶರಣಪ್ಪ ತಾನೂ ಒತ್ತಿ ನೋಡಿದ. ಇನ್ನೊಂದು ಕಡೆ ಹೋಗಿ ಮತ್ತೆ ಒತ್ತಿದ. ನಂತರ ಮೆಲ್ಲಗೆ, ಯಾರಿಗೂ ಕೇಳದ ಹಾಗೆ ನನಗೆ ಹೇಳಿದ: "ರೋಡ್ ಬರೋಬ್ಬರೇ ಇತ್ತು ಬಿಡು." ಇಷ್ಟು ವರ್ಷದ ಸಂಸಾರದಲ್ಲಿ ನಾನು ಕೇಳಿದ ಅತ್ಯಂತ ಪ್ರೇಮಮಯ ಮಾತು ಅದು.

ಶನಿವಾರ ಬೆಳಿಗ್ಗೆ ಅತ್ತೆ ಸಿದ್ಧರಾಗಿ ಬಂದರು. ಕೈಯಲ್ಲಿ ಬಿಳಿ ಅರಿವೆಯ ದೊಡ್ಡ ಗಂಟು. ಅದರಲ್ಲಿ ಖಡಕ್ ಜೋಳದ ರೊಟ್ಟಿ. ಹಪ್ಪಳದ ಹಾಗೆ ತೆಳ್ಳಗೆ, ಉಸಿರು ತಾಗಿದರೆ ಮುರಿಯುವಂಥವು. "ರಾಬಿಗ. ಮಕ್ಕಾದಾಗ ರೊಟ್ಟಿ ಎಲ್ಲಿ ಸಿಗಬೇಕು?" ಎಂದರು. ಗಂಟನ್ನು ನನ್ನ ಪಕ್ಕ ಸೀಟಿನ ಮೇಲೆ ಇಡಿಸಿ ತಾವು ಮುಂದೆ ಕುಳಿತರು. ಮೊದಲ ಉಬ್ಬು ಬಂದಾಗ ಬಾಗಿಲಿನ ಹಿಡಿ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದರು. ಕಾರು ಮೆತ್ತಗೆ ಏರಿ ಮೆತ್ತಗೆ ಇಳಿಯಿತು. ಒಂದು ಕಣ್ಣು ತೆರೆದರು. ಎರಡನೆಯ ಉಬ್ಬಿಗೆ ಹಿಡಿ ಬಿಟ್ಟರು. ರಾಜೇಶ್ವರ ದಾಟುವ ಹೊತ್ತಿಗೆ ದಾರಿಬದಿಯ ಪ್ರತಿ ತೊಗರಿ ಹೊಲದ ಮೇಲೂ ಟೀಕೆ ಮಾಡತೊಡಗಿದ್ದರು. ಹುಮನಾಬಾದ ಬಂದಾಗ ಮಗನಿಗೆ, "ಯಾಕ ಹಿಂಗ ಎತ್ತಿನ ಗಾಡಿ ಹೊಡದಂಗ ಹೊಡ್ಯಾಕತ್ತಿ? ಜರಾ ಜೋರಾಗಿ ಬಿಡು," ಎಂದರು.

ನಿರ್ಣಾದಲ್ಲಿ ರಾಬಿಯಾಬಿಯ ಅಂಗಳ ಜನರಿಂದ ತುಂಬಿತ್ತು. ಕೊರಳ ತುಂಬ ಮಲ್ಲಿಗೆ ಹಾರ ಹಾಕಿಸಿಕೊಂಡು ಮಂಚದ ಮೇಲೆ ಕುಳಿತಿದ್ದರು. ಕೋಲೂರಿ ಬರುತ್ತಿರುವ ಅತ್ತೆಯನ್ನು ಕಂಡು ಏಳಲು ಹೋಗಿ, ಮೊಣಕಾಲು ಕೇಳದೆ ಮತ್ತೆ ಕುಳಿತರು. ಅತ್ತೆ ಹೋಗಿ ಪಕ್ಕದಲ್ಲಿ ಕುಳಿತರು. ಒಬ್ಬರ ಮುಖವನ್ನು ಇನ್ನೊಬ್ಬರು ಬೆರಳಿಂದ ಸವರಿ ನೋಡಿದರು. ಆಮೇಲೆ ಅತ್ತೆ ಗಂಟು ಬಿಚ್ಚಿದರು. ಒಂದೇ ಒಂದು ರೊಟ್ಟಿಯೂ ಮುರಿದಿರಲಿಲ್ಲ! ಶರಣಪ್ಪ ಅವುಗಳನ್ನು ತಾನೇ ತಟ್ಟಿದವನ ಹಾಗೆ ಸುತ್ತಲೂ ನೋಡಿದ.

ಚಹ ಆಯಿತು, ಶಾವಿಗೆ ಪಾಯಸ ಆಯಿತು. ರಾಬಿಯಾಬಿ ಬಂದವರೆಲ್ಲರ ಕೈಹಿಡಿದು ಮಾಫಿ ಕೇಳುತ್ತಿದ್ದರು, ಅವರು 'ಮಾಫ್, ಮಾಫ್, ದುವಾ ಮಾಡ್ರಿ' ಎನ್ನುತ್ತಿದ್ದರು. ಕೊನೆಗೆ ಅತ್ತೆಯ ಕೈ ಹಿಡಿದರು.

"ನೀಲಾ, ಏನರ ಅಂದಿದ್ರ, ಏನರ ಮಾಡಿದ್ರ, ದಿಲ್‌ನಿಂದ ಮಾಫ್ ಮಾಡವಾ. ಈ ವಯಸ್ಸಿನ್ಯಾಗ ಹೊಂಟೀನಿ. ಅಲ್ಲೇ ಕಣ್ಣ ಮುಚ್ಚಿ, ಆ ಪಾಕ್ ಮಣ್ಣಾಗ ಜಾಗಾ ಸಿಕ್ರ ಅದಕ್ಕಿಂತ ನಸೀಬ್ ಏನದ?"

ಎಲ್ಲರೂ ಅತ್ತೆಯ ಉತ್ತರಕ್ಕಾಗಿ ಕಾದರು. ಅತ್ತೆ ಗೆಳತಿಯ ಮುಖವನ್ನೇ ನೋಡಿ ಹೇಳಿದರು:

"ಮಾಡಂಗಿಲ್ಲ."

ಚಹದ ತಾಟು ಹಿಡಿದಿದ್ದ ರಾಬಿಯಾಬಿಯ ಸೊಸೆ ನಿಂತಲ್ಲೇ ನಿಂತಳು. ಶರಣಪ್ಪ "ಅವ್ವಾ..." ಎಂದು ಹೆಜ್ಜೆ ಮುಂದಿಟ್ಟ.

"ಯಾಕ ನೀಲಾ?" ರಾಬಿಯಾಬಿಯ ದನಿ ಸಣ್ಣಗಾಗಿತ್ತು.

"ಈಗ ಮಾಫ್ ಮಾಡಿದ್ರ ನೀ ಹಗೂರಾಗಿ ಅಲ್ಲೇ ಉಳದುಬಿಡ್ತಿ. ನಿನ್ನ ಬುದ್ಧಿ ನಂಗ ಗೊತ್ತಿಲ್ಲೇನು? ಹೋಗು, ನಿನ್ನ ದೇವರನ್ನ ನೋಡು, ಆರಾಮ ತಿರುಗಿ ಬಾ. ಕಲ್ಯಾಣಕ್ಕ ನನ್ನ ಮನಿಗಿ ಬಾ. ಬಂದು ಕೇಳು. ಅವಾಗ ನೋಡ್ತೀನಿ."

ರಾಬಿಯಾಬಿ ಸೆರಗು ಕಣ್ಣಿಗೊತ್ತಿಕೊಂಡರು. ಅಳುತ್ತಾರೆ ಅಂದುಕೊಂಡೆವು. ಅತ್ತರು ಕೂಡ. ಆದರೆ ಅಳುವಿನ ನಡುವೆಯೇ ಹೊಟ್ಟೆಯೊಳಗಿಂದ ನಗು ಎದ್ದು ಬಂದು ಮಲ್ಲಿಗೆ ಹಾರವೆಲ್ಲ ಕುಲುಕಿತು. "ಶೈತಾನ್ ಮುದಕಿ! ಮಕ್ಕಾಕ್ಕ ಹೊಂಟಾಕೀನ್ನೂ ಅಂಜಿಸ್ತೀಯಲ್ಲ!" ಎಂದು ಅತ್ತೆಯ ತೋಳಿಗೆ ಒಂದು ಗುದ್ದು ಕೊಟ್ಟರು. "ಈ ಮೊಣಕಾಲ ಹೊತಗೊಂಡು ಕಲ್ಯಾಣಕ್ಕ ಹ್ಯಾಂಗ ಬರಲಿ?"

"ಗಾಡಿ ಕಳಸ್ತೀನಿ. ಶಾಕಪ್ಪ ಬಂದಾನ. ಕುಂತಲ್ಲೇ ನಿದ್ದಿ ಹತ್ತತದ."

"ಸುಳ್ಳ. ತೋರಸು ನೋಡೋಣ."

ಹಾರ ಹಾಕಿಕೊಂಡೇ ರಾಬಿಯಾಬಿ ಕಾರು ಹತ್ತಿದರು. ಇಬ್ಬರೂ ಹಿಂದಿನ ಸೀಟಿನಲ್ಲಿ ಕುಳಿತರು. ಶರಣಪ್ಪ ಊರ ಹೊರಗಿನ ಬಾವಿಯವರೆಗೆ ಒಯ್ದು ತಿರುಗಿಸಿಕೊಂಡು ಬಂದ. ಊರ ದಾರಿಯ ತಗ್ಗುದಿನ್ನೆಗಳಲ್ಲಿ ಕಾರು ದೋಣಿಯ ಹಾಗೆ ತೇಲಿ ಹೋಗುವುದನ್ನು, ಕಿಟಕಿಯಿಂದ ಹೊರಬರುವ ನಗೆಯನ್ನು, ನಾವು ಅಂಗಳದಿಂದ ನೋಡಿದೆವು, ಕೇಳಿದೆವು.

ರಾಬಿಯಾಬಿ ಯಾತ್ರೆ ಮುಗಿಸಿ ಸುಖವಾಗಿ ತಿರುಗಿ ಬಂದರು. ಶರಣಪ್ಪ ಹೋಗಿ ಕರೆತಂದ. ನಮ್ಮ ಪಡಸಾಲೆಯಲ್ಲಿ ಕುಳಿತು ಮಕ್ಕಾದಿಂದ ತಂದ ಝಮ್‌ಝಮ್ ನೀರಿನ ಸೀಸೆ, ಖರ್ಜೂರದ ಪೊಟ್ಟಣ ಬಿಚ್ಚಿ ಅತ್ತೆಯ ಮುಂದಿಟ್ಟರು. "ಬಂದೀನಿ. ಈಗರ ಮಾಫ್ ಮಾಡ್ತಿಯೋ ಇಲ್ಲೋ?"

ಅತ್ತೆ ಖರ್ಜೂರವೊಂದನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಚಪ್ಪರಿಸಿದರು. ಬೀಜ ಉಗುಳಿದರು. ಗೆಳತಿಯ ಕಡೆ ನೋಡಿದರು.

"ಅವಸರ ಏನದ? ಮುಂದಿನ ತಿಂಗಳ ಬಾ. ವಿಚಾರ ಮಾಡ್ತೀನಿ."

ರಾಬಿಯಾಬಿ ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನ ಕಡೆ ತಿರುಗಿದರು.

"ಶರಣು ಬೇಟಾ, ಮುಂದಿನ ತಿಂಗಳ ಗಾಡಿ ತಗೊಂಡು ಬರಾಕ ಮರೀಬ್ಯಾಡ."